ಯುವಜನರ ಕುಡಿತ ಮತ್ತು ಮನಸ್ಸಿನ ಆರೋಗ್ಯ: ಬೆಳಗೋಡು

ಬೆಳಗೋಡು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಹೋಬಳಿ. ಕಾಫಿ ತೋಟಗಳ ಸೀಮೆ. ಮಲೆನಾಡಿನ ಮಳೆ, ಚಳಿ, ತೋಟದ ಕೆಲಸದ ಮೈಕೈ ನೋವು ಕುಡಿತಕ್ಕೆ ಹಳೆಯ ನೆಪಗಳು. ಬಟವಾಡೆಯ ಸಂಜೆ ಮೀಸೆ ಚಿಗುರದ ಹುಡುಗರ ಕೈಗೂ ಲೋಟ ಬರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗವನ್ನು ಅಗ್ಗದ ವಿಸ್ಕಿಯ 90 ಮಿ.ಲೀ. ಪ್ಯಾಕೆಟ್ ಹಿಡಿಯಿತು.

ಮದ್ಯ ಮಿದುಳನ್ನು ಮಂದಗೊಳಿಸುವ ವಸ್ತು. ಅಮಲಿಳಿದ ಮೇಲೆ ಆತಂಕ, ನಿದ್ದೆಗೇಡು, ಖಿನ್ನತೆ ಹೆಚ್ಚುತ್ತವೆ. ಇಪ್ಪತ್ತರ ನಡುವಿನವರೆಗೂ ಬಲಿಯುತ್ತಲೇ ಇರುವ ಮಿದುಳಿಗೆ ಪೆಟ್ಟು ಜೋರು. ಹುಡುಗನನ್ನು ಕುಡುಕನೆಂದು ಜರೆಯುವ ಊರು ಅವನೊಳಗಿನ ಖಿನ್ನತೆಯನ್ನು ಗುರುತಿಸದಿರುವುದೇ ದೊಡ್ಡ ತೊಡಕು. ವರ್ಷಗಟ್ಟಲೆ ಕುಡಿದವರು ದಿಢೀರನೆ ಬಿಟ್ಟರೆ ಕೈ ನಡುಕ, ಫಿಟ್ಸ್ ಬರಬಹುದು; ವೈದ್ಯರ ನಿಗಾ ಬೇಕು.

ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರ ನಡೆಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಟೆಲಿ ಮನಸ್ ಸಹಾಯವಾಣಿ 14416 ಉಚಿತ. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು.