‘ಡಿ’ ಡ್ರೈವ್ ಎಂಬ ಭರವಸೆ

ಎರಡು ಸಾವಿರದ ದಶಕದಲ್ಲಿ ಮನೆಗೆ ಕಂಪ್ಯೂಟರ್ ತಂದ ನಮ್ಮಂಥವರಲ್ಲಿ ಒಂದು ನಂಬಿಕೆ ಬೇರೂರಿತ್ತು: ‘ಸಿ’ ಡ್ರೈವ್ ಯಂತ್ರದ್ದು, ‘ಡಿ’ ಡ್ರೈವ್ ನಮ್ಮದು, ವಿಂಡೋಸ್ ಕೆಟ್ಟರೂ ‘ಡಿ’ಯಲ್ಲಿಟ್ಟದ್ದು ಕ್ಷೇಮ. ಯಂತ್ರ ಜೋಡಿಸಿದ ಹುಡುಗನೂ ಹಾಗೆಯೇ ಹೇಳಿ ಹೋಗಿದ್ದ. ಆ ಭರವಸೆಯಲ್ಲಿ ನಾವು ದೆಹಲಿಯ ಬಳಗದ ಹಿರಿಯರೊಬ್ಬರ ನೆನಪುಗಳನ್ನು ಬೆರಳಚ್ಚು ಮಾಡಿ ‘ಡಿ’ಯಲ್ಲಿ ಇರಿಸಿದೆವು. ಇನ್ನೂ ಎಚ್ಚರ ವಹಿಸಿ ‘ಇ’ಯಲ್ಲಿ ಒಂದು ಪ್ರತಿ ಇಟ್ಟೆವು. ಹಸ್ತಪ್ರತಿ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ರದ್ದಿಗೆ ಹೋಯಿತು. ಕೆಲವು ತಿಂಗಳಲ್ಲಿ ಹಿರಿಯರೂ ತೀರಿಕೊಂಡರು. ಆ ಬೇಸಿಗೆಯಲ್ಲಿ ಒಂದು ಸಂಜೆ ಪೆಟ್ಟಿಗೆಯೊಳಗೆ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ಮರುದಿನ ಸಿ, ಡಿ, ಇ ಮೂರೂ ಇರಲಿಲ್ಲ. ಮೂರು ಅಕ್ಷರಗಳ ಹಿಂದೆ ಇದ್ದದ್ದು ಒಂದೇ ಹಾರ್ಡ್ ಡಿಸ್ಕ್.

ಈ ಅಕ್ಷರಗಳಿಗೂ ಒಂದು ಚರಿತ್ರೆಯಿದೆ. 1981ರ ಐಬಿಎಂ ಪಿಸಿಯಲ್ಲಿ ಎ ಮತ್ತು ಬಿ ಎಂಬ ಹೆಸರುಗಳು ಎರಡು ಫ್ಲಾಪಿಗಳಿಗೆ ಸಂದಿದ್ದವು. 1983ರಲ್ಲಿ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಹೊತ್ತು ಪಿಸಿ ಎಕ್ಸ್‌ಟಿ ಬಂದಾಗ ಉಳಿದಿದ್ದ ಮುಂದಿನ ಅಕ್ಷರ ‘ಸಿ’. ಅಂದಿನ ಡಾಸ್ ಒಂದು ವಿಭಾಗದಲ್ಲಿ 32 ಮೆಗಾಬೈಟ್‌ಗಿಂತ ಹೆಚ್ಚನ್ನು ಲೆಕ್ಕಿಸಲಾರದು. ಡಿಸ್ಕುಗಳು ಆ ಮಿತಿಯನ್ನು ದಾಟಿ ಬೆಳೆದಾಗ, 1987ರ ಡಾಸ್ 3.3 ಒಂದೇ ಡಿಸ್ಕನ್ನು ಹಲವು ಭಾಗಗಳಾಗಿ ಸೀಳಿ ಒಂದೊಂದಕ್ಕೂ ಒಂದು ಅಕ್ಷರ ಕೊಡುವ ಉಪಾಯ ಮಾಡಿತು. ಒಂದು ಮನೆಯೊಳಗೆ ಗೋಡೆ ಎಬ್ಬಿಸಿ ಎರಡು ಬಾಗಿಲಿಗೆ ಎರಡು ಸಂಖ್ಯೆ ಬರೆದಂತೆ. ಅಡಿಪಾಯ ಕುಸಿದರೆ ಬಾಗಿಲ ಸಂಖ್ಯೆ ಯಾರನ್ನೂ ಕಾಯುವುದಿಲ್ಲ.

ನಿಜವಾದ ಎರಡನೆಯ ಡಿಸ್ಕು ಮನೆಗಳಿಗೆ ಬಂದದ್ದು ಬೆಲೆ ಇಳಿದ ಮೇಲೆ. 1956ರಲ್ಲಿ ಐಬಿಎಂ ತಯಾರಿಸಿದ ರಾಮಾಕ್ ಯಂತ್ರದ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿದದ್ದು 50 ಲಕ್ಷ ಅಕ್ಷರ. 1980ರಲ್ಲಿ ಶುಗಾರ್ಟ್ ಟೆಕ್ನಾಲಜಿ, ಅಂದರೆ ಇಂದಿನ ಸೀಗೇಟ್, ಅಷ್ಟನ್ನೇ ಐದೂಕಾಲು ಇಂಚಿನ ಡಿಸ್ಕಿನೊಳಗೆ ಅಡಗಿಸಿತು. ಅಲ್ಲಿಂದ ಇಪ್ಪತ್ತು ವರ್ಷಗಳಲ್ಲಿ ನಮ್ಮಂಥ ಗುಮಾಸ್ತರ ಮನೆಯಲ್ಲೂ ಎರಡನೆಯ ಡಿಸ್ಕಿನ ಮಾತು ಬರುವಂತಾಯಿತು.

ಜೋಡಣೆ ಸುಲಭವಿರಲಿಲ್ಲ. ಐಡಿಇ ಕಾಲದ ಚಪ್ಪಟೆ ಕೇಬಲ್ಲೊಂದಕ್ಕೆ ಎರಡು ಡಿಸ್ಕು ಕಟ್ಟಬಹುದಿತ್ತು. ಆದರೆ ಒಂದನ್ನು ‘ಮಾಸ್ಟರ್’, ಇನ್ನೊಂದನ್ನು ‘ಸ್ಲೇವ್’ ಎಂದು ನಿಗದಿಪಡಿಸಲು ಹಿಂಬದಿಯ ಸೂಜಿಗಳ ಮೇಲೆ ಜಂಪರ್ ಎಂಬ ಪುಟ್ಟ ಟೋಪಿಯನ್ನು ಸರಿಯಾದ ಸ್ಥಾನಕ್ಕೆ ತೊಡಿಸಬೇಕು. ಎರಡೂ ಮಾಸ್ಟರ್ ಆದರೆ ಯಂತ್ರ ತಬ್ಬಿಬ್ಬಾಗುತ್ತಿತ್ತು. ಅದು ಸರಿಹೋದರೂ ಡಾಸ್ ಮತ್ತು ವಿಂಡೋಸ್ 98ರಲ್ಲಿ ಮತ್ತೊಂದು ತೊಡಕು ಕಾದಿತ್ತು. ಅವು ಮೊದಲು ಎಲ್ಲ ಡಿಸ್ಕುಗಳ ಪ್ರಧಾನ ವಿಭಾಗಗಳಿಗೆ ಅಕ್ಷರ ಹಂಚಿ, ಆಮೇಲೆ ಉಳಿದವುಗಳ ಕಡೆ ತಿರುಗುತ್ತಿದ್ದವು. ಪ್ರಧಾನ ವಿಭಾಗವಿದ್ದ ಹೊಸ ಡಿಸ್ಕು ‘ಡಿ’ ಆಗಿ ಕುಳಿತು, ಹಳೆಯ ‘ಡಿ’ ‘ಇ’ ಆಗುತ್ತಿತ್ತು. ಹೆಸರೇ ವಸ್ತುವಲ್ಲ ಎಂದು ಯಂತ್ರವೇ ಸಾರಿದಂತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ.

1987ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ‘ರೈಡ್’ ಎಂಬ ಚಿಂತನೆಯನ್ನು ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಗುಂಪು ಸಾಕು ಎಂಬುದು ಅವರ ವಾದ. ಅದರ ಜೊತೆಗೆ ಒಂದು ಎಚ್ಚರಿಕೆಯೂ ಇತ್ತು: ಡಿಸ್ಕುಗಳು ಹೆಚ್ಚಿದಷ್ಟೂ ಅವುಗಳಲ್ಲೊಂದು ಕೆಡುವ ಸಂಭವವೂ ಹೆಚ್ಚು. ಮಾಹಿತಿಯನ್ನು ಎರಡು ಡಿಸ್ಕುಗಳಿಗೆ ಹಂಚಿ ವೇಗ ಪಡೆದರೆ, ಒಂದು ಹೋದಾಗ ಎಲ್ಲವೂ ಹೋದಂತೆ. ಆದ್ದರಿಂದ ಹೆಚ್ಚುವರಿ ಪ್ರತಿ ಬೇಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಕೂಡಲೇ ಬರೆಯಲ್ಪಡಬೇಕು. 2003ರ ನಂತರ ಸಾಟಾ ಕೇಬಲ್ಲುಗಳು ಜಂಪರಿನ ಕಾಟ ತಪ್ಪಿಸಿದವು. ಈ ಕನ್ನಡಿ ಏರ್ಪಾಡೂ ಮನೆಯ ಯಂತ್ರಗಳಿಗೆ ಎಟುಕಿತು.

ಹೊಸ ಯಂತ್ರದಲ್ಲಿ ನಾವು ಅದನ್ನೇ ಮಾಡಿದೆವು. ಕನ್ನಡಿಯ ಮಿತಿ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಕಡತವನ್ನು ಕೈತಪ್ಪಿ ಅಳಿಸಿದೆವು. ಅದು ಎರಡೂ ಕಡೆ ಅದೇ ಕ್ಷಣ ಅಳಿಯಿತು. ಕನ್ನಡಿ ಡಿಸ್ಕಿನ ಸಾವಿಗೆ ಮದ್ದು, ನಮ್ಮ ಪ್ರಮಾದಕ್ಕಲ್ಲ. ಸಿಡಿಲಿಗೂ ಕಳ್ಳನಿಗೂ ಎರಡು ಡಿಸ್ಕುಗಳಿರುವ ಪೆಟ್ಟಿಗೆ ಒಂದೇ ಪೆಟ್ಟಿಗೆ.

ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳೆಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಸಾವಿರವೆಂಬ ಸಂಖ್ಯೆಗೆ ಬೆರಗಾದೆವೇ ಹೊರತು ದಾನವೆಂಬ ಮಾತನ್ನು ಗಮನಿಸಿರಲಿಲ್ಲ. ಸಾವಿರ ಓಲೆಕಟ್ಟುಗಳನ್ನು ಒಂದೇ ಉಗ್ರಾಣದಲ್ಲಿ ಪೇರಿಸಿದ್ದರೆ ಒಂದು ಕಿಡಿ ಸಾಕಾಗಿತ್ತು. ಕಳೆದುಹೋಗಲಿದ್ದ ಕೃತಿಗೆ ರಕ್ಷಣೆ ಸಿಕ್ಕಿದ್ದು ಪ್ರತಿಗಳು ಕೈಬಿಟ್ಟು ಊರೂರಿಗೆ ಹೋದದ್ದರಿಂದ.

ಈಗ ನಮ್ಮ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿವೆ. ಮೂರನೆಯದು ಧಾರವಾಡದಲ್ಲಿ ತಂಗಿಯ ಮನೆಯ ಅಲಮಾರಿಯಲ್ಲಿದೆ. ದೀಪಾವಳಿಗೆ ಊರಿಗೆ ಹೋದಾಗ ಅದಕ್ಕೆ ವರ್ಷದ ಬರಹಗಳನ್ನು ಸೇರಿಸಿ, ತೆರೆದು ಓದಿ ನೋಡಿ ಬರುತ್ತೇವೆ. ಹಿರಿಯರ ನೆನಪುಗಳು ಅದರಲ್ಲಿಲ್ಲ. ಐವತ್ತರ ದಶಕದ ಕರೋಲ್ ಬಾಗ್‌ನಲ್ಲಿ ಕನ್ನಡದ ಮನೆಗಳನ್ನು ಹುಡುಕುತ್ತ ಅಲೆದ ಅವರ ಕಥೆಯಲ್ಲಿ ನಮಗೆ ನೆನಪಿರುವಷ್ಟನ್ನು ಬರೆಯತೊಡಗಿದ್ದೇವೆ. ಅದು ಅವರ ಮಾತಲ್ಲ, ನಮ್ಮದು. ಬಳಗದಲ್ಲಿ ಯಾರ ಬಳಿಯಾದರೂ ಇಂಥ ಹಸ್ತಪ್ರತಿಯಿದ್ದರೆ, ಬೆರಳಚ್ಚಾದ ಮೇಲೂ ಕಾಗದವನ್ನು ಎಸೆಯಬೇಡಿ. ಒಂದು ಪ್ರತಿಯನ್ನು ಬೇರೆ ಊರಿಗೆ ಕಳುಹಿಸಿ.