ರಬಕವಿ–ಬನಹಟ್ಟಿ: ಎರಡು ಸಂಸ್ಥಾನ, ಒಂದು ಕಸಬು

ಕೃಷ್ಣೆಯ ದಕ್ಷಿಣಕ್ಕೆ ಒಂದಕ್ಕೊಂದು ತಾಗಿಕೊಂಡಿರುವ ರಬಕವಿ, ಬನಹಟ್ಟಿಗಳು ನೇಕಾರರ ಊರುಗಳು. 1948ರವರೆಗೆ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಒಳಪಟ್ಟಿದ್ದುವು. ಆಳಿದವರು ಎರಡೂ ಕಡೆ ಪಟವರ್ಧನರೇ. ದಫ್ತರಗಳು ಮಾತ್ರ ಬೇರೆ. ಆ ದಫ್ತರಗಳನ್ನೇ ನೆಚ್ಚಿ ಚರಿತ್ರೆ ಬರೆಯಹೊರಟವನಿಗೆ ಎರಡು ಊರುಗಳು ಕಾಣುವುವಲ್ಲದೆ ಅವನ್ನು ಬೆಸೆದ ಕಸಬು ಕಾಣದು. ಮರದ ಕುಣಿಮಗ್ಗದಲ್ಲಿ ನೇಕಾರನು ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತು, ಹಲಗೆ ತುಳಿದು ಹಾಸನ್ನು ತೆರೆದು, ಲಾಳಿಯಿಂದ ಹೊಕ್ಕನ್ನು ಹಾಯಿಸುವನು. ಕಂಡಿಕೆ ಸುತ್ತುವುದು ಹೆಂಗಸರು ಮಕ್ಕಳ ಪಾಲು. ಈ ದುಡಿಮೆಯು ಯಾವ ದಫ್ತರಕ್ಕೂ ಏರುವಂಥದಲ್ಲ. ವಿಲೀನದ ತರುವಾಯ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಊರುಗಳು 1956ರಲ್ಲಿ ಮೈಸೂರು ರಾಜ್ಯಕ್ಕೂ, 1997ರಲ್ಲಿ ಬಿಜಾಪುರದಿಂದ ಒಡೆದ ಬಾಗಲಕೋಟೆ ಜಿಲ್ಲೆಗೂ ಬಂದುವು. ಈಗ ಎರಡಕ್ಕೂ ನಗರಸಭೆಯೊಂದೇ; ಕುಣಿಮಗ್ಗದ ಎಡೆಗೆ ವಿದ್ಯುತ್ ಮಗ್ಗವು ಬಂದಿದೆ.