ಮೊಳೆ ಇಲ್ಲದ ಹಾಯಿ ಹಡಗು: ನಿಜಕ್ಕೂ 1,500 ವರ್ಷ ಹಳೆಯದೇ?

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಯರಗೇರಾ ಕಡೆಯವರಿಗೆ ಬಿದಿರಿನಲ್ಲಿ ಹೆಣೆದ ಹರಿಗೋಲು ಹೊಸದಲ್ಲ. ಆದರೆ ಮೊಳೆಯ ಬದಲು ಹಗ್ಗದಿಂದ ಹಲಗೆ ಹೊಲಿದ ಹಡಗು ಸಮುದ್ರದಲ್ಲಿ ಸಾಗುತ್ತದೆಯೇ?

ಸಾಗುತ್ತದೆ. ಅದೇ ‘ಐಎನ್‌ಎಸ್‌ವಿ ಕೌಂಡಿನ್ಯ’. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು.

ಹಳೆಯ ಹಡಗಿನ ದುರಸ್ತಿಯೇ? ಅಲ್ಲ. ಇದು ಹೊಸದಾಗಿ ಕಟ್ಟಿದ್ದು. 5ನೇ ಶತಮಾನದ ಅಜಂತಾ ಚಿತ್ರವೇ ಮಾದರಿ. ಅಂದಿನ ನಕ್ಷೆ ಉಳಿದಿಲ್ಲ. ಹಾಗಾಗಿ ಹಾಯಿ, ಕಂಬಗಳ ವಿನ್ಯಾಸವನ್ನು ಚಿತ್ರ ನೋಡಿಯೇ ಊಹಿಸಬೇಕಾಯಿತು. ನೀರಿನಲ್ಲಿ ಹಡಗಿನ ವರ್ತನೆಯನ್ನು ಐಐಟಿ ಮದ್ರಾಸ್ ನೆರವಿನಿಂದ ಪರೀಕ್ಷಿಸಲಾಯಿತು.

ಒಡೆಯುವುದಿಲ್ಲವೇ? ತೆಂಗಿನ ನಾರಿನ ಹೊಲಿಗೆ ಅಲೆಯ ಹೊಡೆತಕ್ಕೆ ತುಸು ಬಾಗುತ್ತದೆ, ಬಿರುಸಾಗಿ ನಿಲ್ಲುವುದಿಲ್ಲ. ಸಂದುಗಳಿಗೆ ರಾಳ ತುಂಬುತ್ತಾರೆ.

ಸಾಗುವುದು ಹೇಗೆ? ಚೌಕಾಕಾರದ ಹಾಯಿಗೆ ಹಿಂದಿನಿಂದ ಬೀಸುವ ಗಾಳಿ ಅನುಕೂಲ, ಎದುರುಗಾಳಿ ಕಷ್ಟ. ದಿಕ್ಕು ಬದಲಿಸಲು ದೊಡ್ಡ ಹುಟ್ಟುಗಳಿವೆ. 2025ರ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು.

ಹಾಯಿಯ ಮೇಲಿನ ಗಂಡಭೇರುಂಡ? ಅದು ನಿಜ, ನಮ್ಮ ರಾಜ್ಯ ಲಾಂಛನದಲ್ಲಿರುವ ಅದೇ ಪಕ್ಷಿ.

‘ಪುರಾತನ ಹಡಗು’ ಎಂದು ಫಾರ್ವರ್ಡ್ ಮಾಡಿದರೆ, ಇದನ್ನು ಕೈಯಾರೆ ಹೊಲಿದ ಕೇರಳದ ಕುಶಲಕರ್ಮಿಗಳ ಶ್ರಮವೇ ಮರೆಯಾಗುತ್ತದೆ. ‘ಹಳೆಯ ವಿದ್ಯೆ, ಹೊಸ ಹಡಗು’ ಎಂದು ಬರೆದು ಕಳಿಸೋಣ.